ಏರಿನಲ್ಲಿ ಹಿಂದೆ ಬಿದ್ದ ಮಿಂಚಣ್ಣ

ಸಣ್ಣಪುಟ್ಟ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಗುಡ್ಡದ ಮೇಲಿನ ಲ್ಯಾಬಿಗೆ ಮುಟ್ಟಿಸುವುದು ಅವನ ಕೆಲಸ. ಸೈಕಲ್ಲಿನಲ್ಲೇ ಓಡಾಟ. ಅವನಷ್ಟು ಬೇಗ ಆ ಏರು ಹತ್ತುವವರು ಇನ್ನೊಬ್ಬರಿರಲಿಲ್ಲ. ಹಾಗಾಗಿ ಲ್ಯಾಬಿನವರೆಲ್ಲ ಮಿಂಚಣ್ಣ ಎಂದೇ ಕರೆಯುತ್ತಿದ್ದರು. ಕರೆದಾಗ ಕಿವಿಗೆ ಬೀಳದವನಂತೆ ನಟಿಸುತ್ತಿದ್ದ, ಇನ್ನೊಮ್ಮೆ ಕರೆಯಲಿ ಎಂದು.

ಕೆಳಗಿನ ಮನೆಯಲ್ಲಿ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಸಂಸಾರ ಹೂಡಿದ್ದ. ಗಡಿಯಾರದಂಗಡಿ ಮುಚ್ಚಿಹೋಗಿ ಷಡ್ಡಕ ಕೈಕಟ್ಟಿ ಕೂತಾಗ, ಹೆಂಡತಿಯ ಕಾಟ ತಡೆಯಲಾರದೆ ಮಿಂಚಣ್ಣನೇ ಲ್ಯಾಬಿನಲ್ಲಿ ಮಾತಾಡಿ ಕೆಲಸ ಕೊಡಿಸಿದ. ಈ ಮೆತ್ತನೆಯ ಮನುಷ್ಯ ಎರಡು ದಿನ ಸೈಕಲ್ ತುಳಿದು ಬಿಟ್ಟುಬಿಡುತ್ತಾನೆ ಎಂಬ ನಂಬಿಕೆ ಒಳಗೊಳಗೇ ಇತ್ತು.

ಷಡ್ಡಕ ಬಿಡಲಿಲ್ಲ. ಯಾರಿಂದಲೋ ಒಂದು ಹಳೆಯ ಎಲೆಕ್ಟ್ರಿಕ್ ಸೈಕಲ್ ಕೊಂಡು ತಂದ. ಮಾರನೆಯ ಬೆಳಗ್ಗೆ ಮಿಂಚಣ್ಣ ಏರಿನಲ್ಲಿ ಎದ್ದು ನಿಂತು, ಹಲ್ಲು ಕಚ್ಚಿ ತುಳಿಯುತ್ತಿದ್ದಾಗ ಪಕ್ಕದಲ್ಲಿ ಮೆಲ್ಲಗೆ ಗುಂಯ್ ಎನ್ನುವ ಸದ್ದು ಕೇಳಿಸಿತು. ಷಡ್ಡಕ ನೆಟ್ಟಗೆ ಕೂತು, ಲೆಕ್ಕಕ್ಕೆ ಎಂಬಂತೆ ಕಾಲಾಡಿಸುತ್ತ, "ನಾನು ಮುಂದೆ ಹೋಗಿರ್ಲಾ ಭಾವ?" ಎಂದು ಕೇಳಿ ಹೋದ. ವಿನಯದಿಂದಲೇ ಕೇಳಿದ್ದ. ಅದೇ ಹೆಚ್ಚು ಉರಿಯಿತು.

ಅಲ್ಲಿಂದ ಮುಂದೆ ಅರ್ಜೆಂಟ್ ಸ್ಯಾಂಪಲ್ಲುಗಳೆಲ್ಲ ಷಡ್ಡಕನ ಪಾಲಾದವು. ತಂಗಿಯ ಗಂಡ ಆಗಲೇ ಬಂದು ಉಂಡು, ಮಗುವಿನ ಜೊತೆ ಆಡುತ್ತಿದ್ದಾರೆ ಎಂದು ಮನೆಯಲ್ಲಿ ಹೆಂಡತಿ ಬರೀ ಸುದ್ದಿಯ ಹಾಗೆ ಹೇಳುತ್ತಿದ್ದಳು. ಮಿಂಚಣ್ಣನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ನಿಲ್ಲಿಸಿದ ಆ ಸೈಕಲ್ಲನ್ನು ಹೋಗಿಬರುವಾಗಲೆಲ್ಲ ಸವತಿಯನ್ನು ನೋಡುವಂತೆ ನೋಡುತ್ತಿದ್ದ. ಒಂದು ದಿನ ಬಗ್ಗಿ ನೋಡಿದರೆ, ಮೋಟಾರಿನ ಮೇಲೆ ಶಕ್ತಿ ಎಷ್ಟೆಂದು ತೋರಿಸುವ ಚೀಟಿಯನ್ನು ಯಾರೋ ಕೆರೆದು ಕಿತ್ತಿದ್ದರು.

ಸೈಕಲ್ ರಿಪೇರಿಯವನ ಹತ್ತಿರ ಹೋಗಿ, ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ. ಅವನು ಹೇಳಿದ ಕಾನೂನು ಸರಳವಾಗಿಯೇ ಇತ್ತು. ಮೋಟಾರು ಇನ್ನೂರೈವತ್ತು ವ್ಯಾಟ್ ದಾಟಬಾರದು, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗ ಬಂದೊಡನೆ ಅದು ತಾನಾಗಿ ನಿಲ್ಲಬೇಕು. ಅಷ್ಟರೊಳಗಿದ್ದರೆ ಸೈಕಲ್. ಮೀರಿದರೆ ಮೋಟಾರು ಗಾಡಿ. ಅದಕ್ಕೆ ನಂಬರ್ ಪ್ಲೇಟು, ಲೈಸೆನ್ಸು, ಇನ್ಶೂರೆನ್ಸು ಎಲ್ಲ ಬೇಕು, ಸೈಕಲ್ ದಾರಿಗೆ ಅದನ್ನು ಇಳಿಸುವ ಹಾಗೂ ಇಲ್ಲ.

ಸಮತಟ್ಟಾದ ರಸ್ತೆಯಲ್ಲಿ ಕಾಲಾಡಿಸದೆಯೇ ಷಡ್ಡಕ ತನ್ನನ್ನು ಹಿಂದೆ ಹಾಕಿದ್ದು ಮಿಂಚಣ್ಣನಿಗೆ ನೆನಪಾಯಿತು. ಆ ಸಂಜೆ ಹೊಟ್ಟೆ ತುಂಬ ಉಂಡ. ಮರುದಿನ ಸೇತುವೆಯ ಹತ್ತಿರ ನಿಲ್ಲುವ ಟ್ರಾಫಿಕ್ ಪೊಲೀಸಮ್ಮನಿಗೆ ವಿಷಯ ತಿಳಿಸಿದ. ತನಗೆ ಆತ ಏನಾಗಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ.

ಎರಡು ದಿನ ಕಳೆದ ಮೇಲೆ ಸೇತುವೆಗೆ ಬಂದಾಗ ಷಡ್ಡಕ ಫುಟ್‌ಪಾತಿನ ಮೇಲೆ ಕೂತಿದ್ದ. ಸೈಕಲ್ಲನ್ನು ಪೊಲೀಸರ ವ್ಯಾನಿಗೆ ಹತ್ತಿಸುತ್ತಿದ್ದರು. ಪರೀಕ್ಷಿಸಿದಾಗ ಮೋಟಾರು ಐನೂರು ವ್ಯಾಟಿನದೆಂದು ತಿಳಿದಿತ್ತು. ಮಾರಿದವನು ಅದನ್ನು ಮುಚ್ಚಿಟ್ಟಿದ್ದ. ಷಡ್ಡಕ ತೊಡೆಯ ಮೇಲೆ ಐಸ್ ಡಬ್ಬಿಯನ್ನು ಕೂಸಿನಂತೆ ಹಿಡಿದಿದ್ದ.

"ಇದನ್ನ ಬೇಗ ಮುಟ್ಟಿಸಿ ಭಾವ. ಆಪರೇಷನ್ನಿಗೆ ಕಾಯ್ತಿರೋರ ರಕ್ತ ಇದೆ ಇದ್ರಲ್ಲಿ. ನನ್ನ ವಿಷಯ ಆಮೇಲೆ ನೋಡೋಣ," ಎಂದ.

ಮಿಂಚಣ್ಣ ಎರಡೂ ಡಬ್ಬಿ ಕಟ್ಟಿಕೊಂಡು ಏರು ಹತ್ತಿದ. ಹಿಂದಿನಿಂದ ಗುಂಯ್ ಸದ್ದಿಲ್ಲ, ಮುಂದೆ ಯಾರ ಬೆನ್ನೂ ಇಲ್ಲ. ಕಾಲಿಗೆ ರೆಕ್ಕೆ ಬಂದಂತಿತ್ತು. ಆದರೆ ನಡೆದದ್ದನ್ನು ಹೇಳಿದಾಗ, ಲ್ಯಾಬು ನಡೆಸುವ ಡಾಕ್ಟರಮ್ಮ ಹೊಗಳಿದ್ದು ಷಡ್ಡಕನನ್ನು. ಅಂಥ ಹೊತ್ತಿನಲ್ಲೂ ಮೊದಲು ಡಬ್ಬಿಯ ಯೋಚನೆ ಮಾಡಿದನಲ್ಲ ಎಂದರು. ಗಾಡಿ ಕಳೆದುಕೊಂಡು ಫುಟ್‌ಪಾತಿನಲ್ಲಿ ಕೂತವನೂ ತನ್ನನ್ನು ಹಿಂದೆ ಹಾಕಿದ ಎಂದು ಮಿಂಚಣ್ಣನ ಹೊಟ್ಟೆ ಮತ್ತೆ ಉರಿಯಿತು.

ದಂಡ ಕಟ್ಟಿ ಸೈಕಲ್ ಬಿಡಿಸಿಕೊಳ್ಳಲು ಷಡ್ಡಕ ಹೊರಟಾಗ, ಭಾವನೂ ಜೊತೆಗೆ ಬರಲಿ ಎಂದ. ಇಲ್ಲ ಎನ್ನಲು ನೆಪ ಹೊಳೆಯಲಿಲ್ಲ. ಠಾಣೆಯ ಅಂಗಳದಲ್ಲಿ ಅದೇ ಪೊಲೀಸಮ್ಮ ಎದುರಾದಳು. ಮಿಂಚಣ್ಣನನ್ನು ನೋಡಿ ಮುಖ ಅರಳಿಸಿ, "ಅವತ್ತು ನೀವು ಹೇಳಿದ್ದು ಒಳ್ಳೇದಾಯ್ತು ನೋಡಿ. ಇಂಥವೇ ಇನ್ನೂ ಕೆಲವು ಸಿಕ್ಕಿದ್ವು," ಎಂದಳು.

ಮಿಂಚಣ್ಣ ನಿಂತಲ್ಲೇ ಕುಗ್ಗಿಹೋದ. ಷಡ್ಡಕ ದಂಡ ಕಟ್ಟಿ, ಸೈಕಲ್ ತಳ್ಳುತ್ತ ಹೊರಬಂದ. ಗೇಟು ದಾಟಿದ ಮೇಲೆ, "ನನಗೇ ಒಂದು ಮಾತು ಹೇಳಿದ್ರೆ ನಾನೇ ಸರಿ ಮಾಡಿಸ್ತಿದ್ನಲ್ಲ ಭಾವ," ಎಂದ.

"ಸರಿ ಮಾಡಿಸ್ಲಿ ಅಂತ ನಾನು ಹೇಳಿದ್ದಲ್ಲ ಕಣೋ," ಎಂದ ಮಿಂಚಣ್ಣ. "ನೀನು ಮುಂದೆ ಹೋಗೋದನ್ನ ನೋಡೋಕಾಗ್ತಿರಲಿಲ್ಲ. ಹೊಟ್ಟೆಕಿಚ್ಚು."

ಷಡ್ಡಕ ಸೈಕಲ್ ತಳ್ಳಿಕೊಂಡು ಮುಂದೆ ನಡೆದುಬಿಟ್ಟ. ಕೆಲವು ವಾರ ಕೆಳಮನೆಯ ಬಾಗಿಲು ಮಿಂಚಣ್ಣನ ಪಾಲಿಗೆ ಮುಚ್ಚಿತ್ತು. ಅಕ್ಕತಂಗಿಯರು ಮಾತ್ರ ಬಟ್ಟೆ ಒಣಗಿಸುವ ಮಹಡಿಯಲ್ಲಿ ನಿಂತು ಇಬ್ಬರು ಗಂಡಂದಿರನ್ನೂ ಒಟ್ಟಿಗೇ ಆಡಿಕೊಳ್ಳುತ್ತಿದ್ದರು.

ಷಡ್ಡಕ ಕಾನೂನಿಗೊಪ್ಪುವ ಮೋಟಾರು ಹಾಕಿಸಿದ. ಈಗ ಬಯಲಿನ ರಸ್ತೆಯಲ್ಲಿ ಮಿಂಚಣ್ಣ ಮುಂದೆ, ಏರಿನಲ್ಲಿ ಷಡ್ಡಕ. ಅದನ್ನು ನೋಡಿ ಡಾಕ್ಟರಮ್ಮ ಕೆಲಸ ಹಂಚಿದರು: ಕೆಳಗಿನ ಕ್ಲಿನಿಕ್ಕುಗಳನ್ನು ಸುತ್ತಿ ಬರುವುದು ಒಬ್ಬನಿಗೆ, ಸೇತುವೆಯಿಂದ ಡಬ್ಬಿಗಳನ್ನು ಮೇಲಕ್ಕೆ ಒಯ್ಯುವುದು ಇನ್ನೊಬ್ಬನಿಗೆ. ದಿನವೂ ಸೇತುವೆಯ ಹತ್ತಿರ ಮಿಂಚಣ್ಣ ಡಬ್ಬಿ ಕೊಡುತ್ತಾನೆ, ಷಡ್ಡಕ ತೆಗೆದುಕೊಳ್ಳುತ್ತಾನೆ. ಈಚೆಗೆ ಒಂದೆರಡು ಮಾತೂ ಆಗುತ್ತದೆ. ಷಡ್ಡಕ ಏರು ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೆ ಮಿಂಚಣ್ಣ ನಿಂತು ನೋಡುತ್ತಾನೆ. ಹೊಟ್ಟೆಯ ಉರಿ ಪೂರ್ತಿ ಆರಿಲ್ಲ.