ಕಾಂಪೌಂಡ್ ದಾಟಿದ ಮಣ್ಣು

ಕೋವಿಡ್ ಮುಗಿದ ಮರುವರ್ಷ ನಾನು ಪಶ್ಚಿಮ ಬೆಂಗಳೂರಿನ ಒಂದು ಕಚೇರಿಯಲ್ಲಿ ನಗರ ಯೋಜಕನಾಗಿದ್ದೆ. ನಿವೃತ್ತಿ ಹತ್ತಿರವಿತ್ತು, ಉತ್ಸಾಹ ನನಗಿಂತ ಮೊದಲೇ ನಿವೃತ್ತವಾಗಿತ್ತು. ರಾಜಾಜಿನಗರದಲ್ಲಿ ಮುಚ್ಚಿಹೋದ ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಅರ್ಜಿ ಬಂತು. ಲೋಹಕ್ಕೆ ಹೊಳಪು ಕೊಡುವ ಆ ಕೆಲಸದಲ್ಲಿ ಕ್ರೋಮಿಯಂ ಬಳಸುತ್ತಾರೆ. ನೆಲಕ್ಕಿಳಿದರೆ ಅದು ವಿಷ. ಹಾಗಾಗಿ ಷರತ್ತು ಹಾಕಿದೆ: ಮೊದಲು ಮಣ್ಣಿನ ಪರೀಕ್ಷೆ, ಕೆಟ್ಟ ಮಣ್ಣಿದ್ದರೆ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಸಾಗಣೆ, ಆಮೇಲೆ ಕಟ್ಟಡ.

ವರದಿ ಬಂತು. ಮಣ್ಣು ಶುದ್ಧ. ಅಷ್ಟು ಶುದ್ಧ ಮಣ್ಣು ದೇವಸ್ಥಾನದ ಅಂಗಳದಲ್ಲೂ ಇರಲಿಕ್ಕಿಲ್ಲ. ಆದರೆ ನಮ್ಮ ಫೈಲಿನಲ್ಲಿ ಅನುಮಾನಕ್ಕೆ ಕಾಲಂ ಇಲ್ಲ. ಕಟ್ಟಡ ಎದ್ದಿತು.

ಜನ ವಾಸಕ್ಕೆ ಬರಲು ಬೇಕಾದ ಓಸಿ ಪ್ರಮಾಣಪತ್ರಕ್ಕೆ ಫೈಲು ನನ್ನ ಮೇಜಿಗೆ ಬಂದ ವಾರವೇ, ಮೂಡಲಪಾಳ್ಯದ ನಿವೃತ್ತ ಶಿಕ್ಷಕಿ ಸರೋಜಮ್ಮ ಬೇರೆ ಕಚೇರಿಗಳನ್ನೆಲ್ಲ ಅಲೆದು ನನ್ನ ಬಳಿ ಬಂದರು.

“ನಮ್ಮ ಸೈಟು ತಗ್ಗಲ್ಲಿತ್ತು ಸಾರ್. ರಾಜಾಜಿನಗರದ ಆ ಹಳೇ ಫ್ಯಾಕ್ಟರಿ ಜಾಗದ ಮಣ್ಣು ಫ್ರೀಯಾಗಿ ಕೊಡ್ತಾರೆ ಅಂದ್ರು, ಹಾಕಿಸ್ಕೊಂಡೆ. ಈಗ ಹಿತ್ತಲಿಗೆ ನೀರು ಬಿಟ್ರೆ ಹಳದಿಯಾಗಿ ನಿಲ್ಲುತ್ತೆ. ಸೊಪ್ಪೆಲ್ಲ ಸುಟ್ಟೋಯ್ತು. ಪಕ್ಕದಲ್ಲೇ ಬೋರ್‌ವೆಲ್ ಇದೆ, ನನ್ನ ಮೊಮ್ಮಗಳು ಕುಡಿಯೋದು ಅದೇ ನೀರು.”

ಪರೀಕ್ಷೆ ಮಾಡಿಸಿದೆ. ಮಣ್ಣಿನ ತುಂಬ ಕ್ರೋಮಿಯಂ. ಬೋರ್‌ವೆಲ್‌ಗೆ ಇನ್ನೂ ಇಳಿದಿರಲಿಲ್ಲ, ಆದರೆ ಮಳೆಗಾಲ ಹತ್ತಿರವಿತ್ತು.

ಬಿಲ್ಡರನ್ನು ಕರೆಸಿದೆ. ಅವರಿಗೆ ಸಂಕೋಚವೇ ಇರಲಿಲ್ಲ.

“ಆಷಾಢ ಬರೋದ್ರೊಳಗೆ ಗುದ್ದಲಿ ಪೂಜೆ ಆಗ್ಬೇಕಿತ್ತು ಸಾರ್. ಪೂಜೆ ಮಾಡಿ ಸುಮ್ನೆ ಕೂರಕ್ಕಾಗುತ್ತಾ? ಬೇಸ್‌ಮೆಂಟ್ ಅಗೆಸ್ಬಿಟ್ವಿ, ಆಮೇಲೆ ಟೆಸ್ಟ್ ಮಾಡಿಸಿದ್ವಿ. ನಿಮ್ಮ ರೂಲ್ಸು ನಮ್ಮ ಸೈಟಿಗೆ ತಾನೆ? ನಮ್ಮ ಸೈಟು ಕ್ಲೀನಾಗಿದೆಯಲ್ಲ!”

ಮೈ ಉರಿಯಿತು. ಆದರೆ ಅವರು ಹೇಳಿದ್ದು ನಿಯಮದ ಪ್ರಕಾರ ಸುಳ್ಳಲ್ಲ. ಕಟ್ಟುವ ಮೊದಲು ಪರೀಕ್ಷೆ ಎಂದು ಬರೆದಿದ್ದೆ, ಅಗೆಯುವ ಮೊದಲು ಎಂದು ಬರೆದಿರಲಿಲ್ಲ. ನಮ್ಮ ಷರತ್ತುಗಳೆಲ್ಲ ಕಾಂಪೌಂಡಿನ ಒಳಗೇ ಮುಗಿಯುತ್ತವೆ.

“ಆ ಮಣ್ಣು ತೆಗೆಸೋವರೆಗೂ ಓಸಿ ಇಲ್ಲ,” ಎಂದೆ. ಫೋನುಗಳು ಬಂದವು, ಮೇಲಿನವರಿಂದ, ಫ್ಲ್ಯಾಟ್ ಕೊಂಡವರಿಂದ, ಯಾವುದೋ ಮದುವೆಯಲ್ಲಿ ಒಮ್ಮೆ ನೋಡಿದ್ದ ನೆಂಟರಿಂದಲೂ. ಹೋರಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಸಹಿ ಹಾಕದೆ ಕೂರಲು ಶಕ್ತಿಯೇನೂ ಬೇಕಿಲ್ಲ, ಕೂತೆ.

ಮಳೆಗೆ ಮುಂಚೆ ಬಿಲ್ಡರ್ ಕಳಿಸಿದ ಜೆಸಿಬಿ ಮೂಡಲಪಾಳ್ಯದ ಆ ಹಿತ್ತಲಿಗೆ ಬಂತು. ಲಾರಿ ತುಂಬುವಾಗ ಸರೋಜಮ್ಮ ಗೇಟಿನ ಬಳಿ ನಿಂತಿದ್ದರು. ಈಗಲಾದರೂ ಅವರಿಗೆ ನೆಮ್ಮದಿ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ:

“ಈ ಸಲ ಯಾರ ಮನೆ ಹತ್ರ ಸುರೀತಾರೆ ಸಾರ್?”

ಜೀಪು ಹತ್ತಿ ಲಾರಿಯ ಹಿಂದೆಯೇ ಹೊರಟೆ. ತ್ಯಾಜ್ಯ ಘಟಕದೊಳಗೆ ಮಣ್ಣು ಸುರಿಯುವುದನ್ನು ಕಣ್ಣಾರೆ ನೋಡಿ, ಮುಂದಿನ ಲಾರಿಗಾಗಿ ವಾಪಸಾದೆ. ಷರತ್ತು ಬರೆಯುವುದು ಅರ್ಧ ಕೆಲಸ, ಲಾರಿಯ ಹಿಂದೆ ಹೋಗುವುದು ಉಳಿದರ್ಧ. ಇಡೀ ಸರ್ವೀಸಿನಲ್ಲಿ ನಾನು ಕಲಿತದ್ದು ಇಷ್ಟೇ.

ಆ ಬೇಸ್‌ಮೆಂಟಿನ ಮಿಕ್ಕ ಮಣ್ಣು ಎಲ್ಲಿಗೆ ಹೋಯಿತೋ ಪತ್ತೆಯಾಗಲಿಲ್ಲ. ಸರೋಜಮ್ಮ ಸೊಪ್ಪು ಹಾಕಿದ್ದರಿಂದ ಗೊತ್ತಾಯಿತು. ಉಳಿದವರು ಅದರ ಮೇಲೆ ಮನೆ ಕಟ್ಟಿಕೊಂಡಿರಬೇಕು.