ವರ್ಲಿನ್ ತಾತ ರಿಪೇರಿ ಮಾಡಿ ಹೋದ ಮೇಲೆ

"ಅಮ್ಮಾ, ವರ್ಲಿನ್ ತಾತ ಬೇಕೂಂತಲೇ ಸರಿಯಾಗಿ ರಿಪೇರಿ ಮಾಡಲ್ವಾ? ಮತ್ತೆ ಬರಬಹುದು ಅಂತಾನಾ?"

ಐದು ವರ್ಷದ ಹ್ಯಾಟಿ ಇದನ್ನು ಕೇಳಿದ್ದು ಬಾಯಿ ತುಂಬ ಓಟ್ಸ್ ಗಂಜಿ ಇಟ್ಟುಕೊಂಡು. ಅವಳ ಅಮ್ಮ ಕೆಂಡ್ರಾ ಆಗಷ್ಟೇ ಫೋನು ಕೆಳಗಿಟ್ಟಿದ್ದಳು. ಮನೆಯನ್ನೆಲ್ಲ ಬೆಚ್ಚಗಿಡುವ ನೆಲಮಾಳಿಗೆಯ ಗ್ಯಾಸ್ ಹೀಟರ್ ಆಗಾಗ ಆರಿಹೋಗುತ್ತಿದೆಯಂತಲ್ಲ, ಕಾಫಿ ಹೊತ್ತಿಗೆ ಬಂದು ನೋಡುತ್ತೇನೆ ಎಂದು ತಾತ ಹೇಳಿದ್ದರು. ಹೊರಗೆ ಅಮೆರಿಕದ ಅಯೋವಾದ ಕೊರೆಯುವ ಜನವರಿ, ತೊಟ್ಟಿಲಲ್ಲಿ ಎಳೆಗೂಸು. ಬೇಡ ಎನ್ನಬೇಕಾದವಳು 'ಆಯ್ತು, ಬನ್ನಿ' ಎಂದುಬಿಟ್ಟಿದ್ದಳು. ಆ ಊರಲ್ಲಿ ಹುಟ್ಟಿದವರ ನಾಲಿಗೆಗೆ ಬೇರೆ ಮಾತು ಬರುವುದಿಲ್ಲ.

ವರ್ಲಿನ್ ಡೈಕ್‌ಸ್ಟ್ರಾ ಅವರ ಮನೆ ಹಿಂದಿನ ಓಣಿಯ ಆಚೆ. ಮುಕ್ಕಾಲು ಜನ್ಮ ಮೆಕ್ಕೆಜೋಳ ಬೆಳೆದು, ಹಂದಿ ಸಾಕಿದ ಮನುಷ್ಯ. ಹೊಲ ಹೆದ್ದಾರಿಯ ಪಕ್ಕದಲ್ಲೇ ಇದ್ದುದು ಅವರ ದುರದೃಷ್ಟ. ಬಿತ್ತನೆಯ ಸಾಲು ಡೊಂಕಾದರೆ ಬೇಸಿಗೆ ಮುಗಿಯುವ ತನಕ ಊರೇ ಕಾರು ನಿಧಾನ ಮಾಡಿ ನೋಡುತ್ತದೆ. ಅವರ ಸಾಲುಗಳು ಪ್ರತಿವರ್ಷವೂ ಡೊಂಕು. ಯಾರಾದರೂ ಕೆಣಕಿದರೆ, ಸೊಟ್ಟ ಸಾಲಿನಲ್ಲಿ ಜಾಸ್ತಿ ಗಿಡ ಹಿಡಿಸುತ್ತವೆ ಎಂದು ತಾವೇ ಮೊದಲು ನಗುತ್ತಿದ್ದರು.

ಹರೆಯದಲ್ಲಿ ಸೈನ್ಯದವರು ಕರೆದುಕೊಂಡು ಹೋಗಿ ವಿಯೆಟ್ನಾಮಿನಲ್ಲಿ ಜನರೇಟರ್ ನೋಡಿಕೊಳ್ಳಲು ಬಿಟ್ಟರಂತೆ. ತಾವು ಇದ್ದಷ್ಟು ದಿನ ಶಿಬಿರದಲ್ಲಿ ದೀಪ ಉರಿದದ್ದೇ ಅಪರೂಪ, ಕತ್ತಲಲ್ಲಿ ಶತ್ರುವಿಗೆ ತಮ್ಮವರು ಕಾಣಿಸಲೇ ಇಲ್ಲ, ತಾವು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ, ಆದರೂ ಪದಕ ಮಾತ್ರ ಬರಲಿಲ್ಲ ಎನ್ನುತ್ತಿದ್ದರು. ಆ ಒಂದು ಕತೆ ಬಿಟ್ಟು ಯುದ್ಧದ ಬೇರೆ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿದ್ದಿಲ್ಲ.

ಹೆಂಡತಿ ಆರ್ಲೀನ್ ತೀರಿಹೋದ ಮೇಲೆ ಹೊಲವನ್ನು ಅಣ್ಣನ ಮಗನಿಗೆ ಬಿಟ್ಟು ಊರೊಳಗೆ ಬಂದರು, ಉಪಕರಣದ ಪೆಟ್ಟಿಗೆ ಹಿಡಿದು ಮನೆಮನೆ ತಿರುಗಲು ಶುರುಮಾಡಿದರು. ಕೂಲಿ ಎಂದರೆ ಒಂದು ಲೋಟ ಕಾಫಿ, ಜೊತೆಗೆ ಏನಾದರೂ ಸಿಹಿ. ಚರ್ಚಿನ ಅಡುಗೆಮನೆಯ ನಲ್ಲಿಯನ್ನು ಅವರು ಸರಿಮಾಡಿದಾಗಿನಿಂದ ತಣ್ಣೀರಿನ ಕಡೆ ತಿರುಗಿಸಿದರೆ ಸುಡುನೀರು ಬರುತ್ತದೆ. ಊರವರು ಕೈಯನ್ನೇ ಅದಕ್ಕೆ ಒಗ್ಗಿಸಿಕೊಂಡರು, ಅವರಿಗೆ ಹೇಳಲಿಲ್ಲ. ಮನೆಗಳಲ್ಲಿ ಮಾತ್ರ ಬೇರೆ ಏರ್ಪಾಡು. ಅವರು ಅತ್ತ ಹೋಗುತ್ತಲೇ ಪಕ್ಕದೂರಿನ ಕೊಳಾಯಿ ರಿಪೇರಿಯವನಿಗೆ ಫೋನು, ಅವನ ವ್ಯಾನು ಹಿಂದಿನ ಓಣಿಯಲ್ಲಿ. ಕೆಂಡ್ರಾ ಕೂಡ ಸಿಂಕು, ಬಟ್ಟೆ ಒಗೆಯುವ ಯಂತ್ರ ಎರಡನ್ನೂ ಹೀಗೇ ರಿಪೇರಿ ಮಾಡಿಸಿಕೊಂಡಿದ್ದಳು, ತಾನೆಂಥ ಒಳ್ಳೆಯವಳು ಎಂದುಕೊಂಡು.

ಆದರೆ ಇದು ಸಿಂಕಲ್ಲ, ಗ್ಯಾಸು.

ತಾತ ಬಂದು ಕಾಫಿ ಕುಡಿದರು. ಕೆಂಡ್ರಾ ಸುತ್ತಿ ಬಳಸಿ ಶುರುಮಾಡಿದಳು. ಹೀಟರ್ ಬಹಳ ಹಳೆಯದು, ಕೆಳಗೆ ವಿಪರೀತ ಚಳಿ, ಪಾಪ ನಿಮ್ಮ ಮೊಣಕಾಲು ಎಂದಳು. ಮೊಣಕಾಲು ಕೆಟ್ಟಾಗಿದೆ, ಇನ್ನು ಕೆಡುವಂಥದ್ದು ಏನೂ ಉಳಿದಿಲ್ಲ ಎನ್ನುತ್ತ ಅವರು ಪೆಟ್ಟಿಗೆ ಎತ್ತಿಕೊಂಡರು. ಅವಳು ನೆಲಮಾಳಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ಬೇಡ, ವರ್ಲಿನ್. ಇದು ಗ್ಯಾಸಿನ ಕೆಲಸ, ಮನೇಲಿ ಕೂಸಿದೆ. ನೀವು ಮುಟ್ಟೋದು ಬೇಡ."

ಆ ಊರಲ್ಲಿ ಹೊರಡುವುದೆಂದರೆ ಅದೇ ಒಂದು ಕೆಲಸ. ಮೊಣಕಾಲಿನ ಮೇಲೆ ಕೈ ಬಡಿದು 'ಸರಿ ಹಾಗಾದ್ರೆ' ಎನ್ನುತ್ತ ಏಳಬೇಕು, ಬಾಗಿಲಲ್ಲಿ ನಿಂತು ಹವಾಮಾನದ ಮಾತಾಡಬೇಕು, ಮೆಟ್ಟಿಲಿಳಿದ ಮೇಲೆ ಇನ್ನೊಮ್ಮೆ ತಿರುಗಿ ಎಲ್ಲರ ಆರೋಗ್ಯ ಕೇಳಬೇಕು. ತಾತ ಅವತ್ತು ಟೋಪಿ ಇಟ್ಟುಕೊಂಡರು, ಹೋದರು. ತಟ್ಟೆಯಲ್ಲಿ ಸಿಹಿ ಅರ್ಧ ಉಳಿದಿತ್ತು. ಕೂಸು ಬೆಚ್ಚಗಿರಲಿ ಎಂದು ಒಬ್ಬ ಮುದುಕನನ್ನು ಚಳಿಗೆ ಅಟ್ಟಿದೆನಲ್ಲ ಎಂದು ಕೆಂಡ್ರಾಗೆ ಅನ್ನಿಸಿತು. ಹಾಗನ್ನಿಸಿದರೂ ಗ್ಯಾಸ್ ಬಂದ್ ಮಾಡಿ, ಪಕ್ಕದೂರಿಗೆ ಫೋನು ಹಚ್ಚಿ, ಮಕ್ಕಳನ್ನು ರಾತ್ರಿಯ ಮಟ್ಟಿಗೆ ತನ್ನ ಅಮ್ಮನ ಮನೆಗೆ ಕರೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅವಳು ಬಂದು ಮನೆ ಬೀಗ ತೆಗೆಯುವಷ್ಟರಲ್ಲಿ ತಾತ ಮೆಟ್ಟಿಲ ಮೇಲಿದ್ದರು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅವನು ಎಷ್ಟೊತ್ತಿಗೆ ಬರ್ತಾನೆ?"

"ಯಾರು?" ಎಂದಳು ಕೆಂಡ್ರಾ, ಗೊತ್ತಿಲ್ಲದವಳಂತೆ.

"ನಾನು ಹೋದ್ಮೇಲೆ ಬರ್ತಾನಲ್ಲಮ್ಮ, ಅವನು. ಹಿಂದಿನ ಓಣೀಲಿ ವ್ಯಾನ್ ನಿಲ್ಲಿಸ್ತಾನೆ. ನನ್ನ ಅಡುಗೆಮನೆ ಕಿಟಕಿ ಇರೋದೇ ಆ ಕಡೆಗೆ."

"ಗೊತ್ತಿತ್ತಾ ನಿಮಗೆ? ಮತ್ತೆ ಯಾಕೆ ಒಂದು ಮಾತೂ ಹೇಳ್ಲಿಲ್ಲ?"

"ಊರವರಿಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ. ಪಾಪ, ಎಲ್ರೂ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ರು." ತಾತ ಟೋಪಿ ತೆಗೆದು ಅದರ ಅಂಚು ನೋಡಿಕೊಂಡರು. "ಪೆಟ್ಟಿಗೆ ಹಿಡ್ಕೊಂಡು ಬಂದ್ರೆ ಜನ ಬಾಗಿಲು ತೆಗೀತಾರೆ. ಸುಮ್ನೆ ಕೂತ್ಕೊಳ್ಳೋಕೆ ಬಂದೆ ಅಂದ್ರೆ ಎಷ್ಟು ದಿನ ತೆಗೀತಾರೆ, ಹೇಳು."

ಕೆಂಡ್ರಾ ಏನೋ ಹೇಳಹೊರಟಳು, ಅವರು ಬಿಡಲಿಲ್ಲ.

"ನೀನು ಬೇಡ ಅಂದಿದ್ದು ಸರೀನೇ. ನಾನಾಗಿದ್ರೂ ನನ್ನ ಒಳಗೆ ಬಿಡ್ತಿರಲಿಲ್ಲ. ಈಗೊಂದು ಉಪಕಾರ ಮಾಡು. ಅವನು ಬಂದಾಗ ನನ್ನ ಕರಿ. ಏನೂ ಮುಟ್ಟಲ್ಲ, ಆಣೆ. ಟಾರ್ಚ್ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತೀನಿ."