ಕುಂಟಕ್ಕ ಉಳಿದರೆ ದೀಡ ನಮಸ್ಕಾರ

ಸಾವು ಎದುರಿಗೆ ಬಂದು ನಿಂತಾಗಲೇ ಮನುಷ್ಯನ ನಿಜವಾದ ಸ್ವಭಾವ ಹೊರಬೀಳುತ್ತದೆ ಎಂದು ತಿಳಿದವರು ಹೇಳುತ್ತಾರೆ. ಮೂಡಲಗಿಯಲ್ಲಿ ನಮ್ಮ ಅಕ್ಕನ ಎದುರು ಒಂದೇ ಮಧ್ಯಾಹ್ನ ನಲವತ್ತು ಜನ ಸತ್ತರು. ಅವಳು ಚುರುಮುರಿಗೆ ಉಳ್ಳಾಗಡ್ಡಿ ಕಡಿಮೆ ಬಿದ್ದಿದೆ ಎಂದಳು.

ಸತ್ತವರೆಲ್ಲ ಟಿವಿಯೊಳಗಿನವರು, ಅದೂ ಕೊರಿಯಾದವರು. ಹಾಗಾಗಿ ಸೂತಕದ ಪ್ರಶ್ನೆ ಬರಲಿಲ್ಲ.

ಅಕ್ಕನ ಎಡ ಮೊಣಕಾಲಿಗೆ ಬೆಳಗಾವಿಯಲ್ಲಿ ಆಪರೇಶನ್ ಆಗಿತ್ತು. ಹಳೆಯ ಕೀಲು ತೆಗೆದು ಹೊಸದು ಕೂಡಿಸಿದ್ದರು. ಡಾಕ್ಟರು ಮನೆಗೆ ಕಳಿಸುವಾಗ ಮೂರು ಮಾತು ಹೇಳಿದ್ದರು: ನೆಲದ ಮೇಲೆ ಕೂಡಬಾರದು, ಕುಕ್ಕರಗಾಲು ಹಾಕಬಾರದು, ಮೊಣಕಾಲು ನೆಲಕ್ಕೆ ಊರಲೇಬಾರದು. ಅರವತ್ತೆಂಟು ವರ್ಷ ಬದುಕಿನ ಸಕಲ ವ್ಯವಹಾರವನ್ನೂ ನೆಲದ ಮೇಲೆಯೇ ನಡೆಸಿದ್ದ ಹೆಂಗಸಿಗೆ ಇದು ಗಡೀಪಾರಿನ ಶಿಕ್ಷೆಯೇ ಸರಿ. ಮಗ, ಅವನ ಹೆಂಡತಿ ತಮ್ಮ ತಮ್ಮ ಕೆಲಸಕ್ಕೆ ಹೋದ ಮೇಲೆ ಕೈಕುರ್ಚಿಯಲ್ಲಿ ಕೂತು ಟಿವಿ ನೋಡುವುದೊಂದೇ ಅವಳಿಗೆ ಉಳಿದ ಉದ್ಯೋಗ.

ಮೊದಲು ಕನ್ನಡದ ಧಾರಾವಾಹಿ ನೋಡಿದಳು. ಎಂಟುನೂರು ಕಂತು ದಾಟಿದರೂ ಅದರಲ್ಲಿನ ಅತ್ತೆ ಸುಧಾರಿಸುವ ಲಕ್ಷಣ ಕಾಣಲಿಲ್ಲ. ಒಂದು ದಿನ ರಿಮೋಟಿನ ಮೇಲೆ ಬೆರಳು ತಪ್ಪಿ ಬಿದ್ದು, ಹಿಂದಿಯಲ್ಲಿ ಮಾತಾಡುವ ಕೊರಿಯಾದವರು ಮನೆಯೊಳಗೆ ಬಂದರು. ಮತ್ತೆ ಹೋಗಲಿಲ್ಲ.

"ಇದು ಛಲೋ ಐತಿ ನೋಡೋ ತಮ್ಮಾ," ಎಂದಳು ಅಕ್ಕ. "ಬಂದ್ರು, ಆಡಿದ್ರು, ಸತ್ರು. ಕೆಲಸ ಮುಗಸ್ತಾರ."

ನಾನು ಗೋಕಾಕದಲ್ಲಿ ಸಮಾಜ ವಿಜ್ಞಾನದ ಮಾಸ್ತರನಾಗಿ ನಿವೃತ್ತನಾದವನು. ಅಕ್ಕನ ಆರೈಕೆಯ ನೆವದಲ್ಲಿ ಶನಿವಾರ ಶನಿವಾರ ಬಸ್ಸು ಹತ್ತಿ ಮೂಡಲಗಿಗೆ ಹೋಗುತ್ತಿದ್ದೆ. ಆರೈಕೆ ಎಂದರೆ ಬಾಜೂ ಕುರ್ಚಿಯಲ್ಲಿ ಕೂತು ಚುರುಮುರಿಯಲ್ಲಿ ಪಾಲು ತೆಗೆದುಕೊಳ್ಳುವುದು. ಹೀಗೆ ಒಂದು ಚಳಿಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪೂರ್ವ ಏಷ್ಯಾದ ಬಗ್ಗೆ, ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿಕೊಟ್ಟಾಗಲೂ ಬರದಿದ್ದ ಜ್ಞಾನ ನನಗೆ ಬಂತು.

ನೋಡದವರ ಸಲುವಾಗಿ ಹೇಳುತ್ತೇನೆ. ಈ ಜಾತಿಯ ಧಾರಾವಾಹಿಗಳಲ್ಲಿ ಕಥೆ ಒಂದೇ. ಗುರುತಿಲ್ಲದ ಒಂದಷ್ಟು ಜನರನ್ನು ಒಂದು ಕಡೆ ಕೂಡಿಹಾಕಿ ಆಟ ಆಡಿಸುತ್ತಾರೆ. ಸೋತವರು ಮನೆಗೆ ಹೋಗುವುದಿಲ್ಲ, ಮೇಲೆ ಹೋಗುತ್ತಾರೆ. ಆದರೆ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ದೇಶದಿಂದ ದೇಶಕ್ಕೆ ಬೇರೆ.

ಜಪಾನಿನಲ್ಲಿ ನಿಯಮವೇ ದೇವರು. ಆಟದ ನಿಯಮವನ್ನು ಅರ್ಧ ತಾಸು ವಿವರಿಸುತ್ತಾರೆ, ಸಾಯುವುದು ಅರ್ಧ ನಿಮಿಷ. ಉಪನಿಯಮ, ವಿನಾಯಿತಿ, ಷರತ್ತು, ಎಲ್ಲವೂ ನಮ್ಮ ಇಲಾಖೆಯ ಸುತ್ತೋಲೆಯ ಹಾಗೆಯೇ ಇರುತ್ತವೆ. ಅದನ್ನು ಕಡೆಯ ಸಾಲಿನವರೆಗೂ ಓದಿದವನು ಬದುಕುತ್ತಾನೆ. ನಮ್ಮ ಸಾಲೆಯ ಸಿಬ್ಬಂದಿಯನ್ನು ಅಲ್ಲಿಗೆ ಕಳಿಸಿದ್ದರೆ ಗುಮಾಸ್ತನೊಬ್ಬ ಉಳಿದು ಬರುತ್ತಿದ್ದ. ಥಾಯ್ಲೆಂಡಿನವರದು ಇನ್ನೊಂದು ಥರ. ಅಲ್ಲಿ ಆಡುವವರು ಹೆಚ್ಚಾಗಿ ಸಾಲೆಯ ಹುಡುಗರು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಸಾಯುತ್ತಾರೆ. ಆದರೆ ಸತ್ತವರು ಮುಂದಿನ ಕಂತಿಗೆ ದೆವ್ವವಾಗಿ ಹಾಜರಿರುವುದರಿಂದ ಯಾರ ಪಗಾರವೂ ನಿಲ್ಲುವುದಿಲ್ಲ. ಚೀನಾ ಮಾತ್ರ ಮರ್ಯಾದಸ್ಥ ದೇಶ. ಹತ್ತು ಕಂತು ಎದೆ ನಡುಗಿಸಿ, ಕಡೆಗೆ ಅದೆಲ್ಲ ಕಂಪ್ಯೂಟರಿನ ಆಟ, ಯಾರೂ ಸತ್ತಿಲ್ಲ ಎಂದು ಎಲ್ಲರನ್ನೂ ಎಬ್ಬಿಸಿ ಮನೆಗೆ ಕಳಿಸುತ್ತಾರೆ. ಅಕ್ಕನಿಗೆ ಇದು ಸೇರಲಿಲ್ಲ. "ಊಟಕ್ಕ ಕರದು ಎಲಿ ಹಾಕಿ, ಎಬ್ಬಿಸಿ ಕಳಿಸಿದಂಗ ಆತು" ಎಂದಳು.

ಕೊರಿಯಾದಲ್ಲಿ ಲೆಕ್ಕ ಸರಳ. ತನ್ನ ತಾಯಿಯ ನೆನಪು ತೆಗೆದವನು ಉಳಿಯುವುದಿಲ್ಲ. "ನನ್ನವ್ವ ಮಾಡುತ್ತಿದ್ದ ಸಾರು..." ಎಂದು ಯಾವನಾದರೂ ಶುರುಮಾಡಿದರೆ ಅಕ್ಕ ಕೈ ಮುಗಿದುಬಿಡುತ್ತಿದ್ದಳು. ಐದು ನಿಮಿಷದೊಳಗೆ ಅವನ ಕೆಲಸ ಮುಗಿದಿರುತ್ತಿತ್ತು.

"ಅಲ್ಲೋ, ಈ ಕೊರಿಯಾ ಎಲ್ಲಿ ಬರತೈತಿ?" ಎಂದು ಒಮ್ಮೆ ಕೇಳಿದಳು.

"ಜಪಾನಿನ ಬಾಜೂ."

"ಜಪಾನ?"

"ಕೊರಿಯಾದ ಬಾಜೂ."

"ಇದಕ್ಕ ಮೂವತ್ತೆರಡ ವರ್ಷ ಪಗಾರ ಕೊಟ್ರೇನು ನಿನಗ!" ಎಂದಳು.

ಎಲ್ಲವೂ ಹೀಗೆ ನೆಮ್ಮದಿಯಾಗಿ ನಡೆದಿರುವಾಗ ಕುಂಟಕ್ಕ ಬಂದಳು.

ಅದು ಕೊರಿಯಾದ ಹೊಸ ಧಾರಾವಾಹಿ. ಹತ್ತು ಕಂತು, ವಾರಕ್ಕೊಂದರಂತೆ ಬಿಡುತ್ತಿದ್ದರು, ಆದ್ದರಿಂದ ಕೊನೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಎಳೆಯರ ನಡುವೆ ಅರವತ್ತು ದಾಟಿದ ಒಬ್ಬ ಹೆಂಗಸು, ಸಂತೆಯಲ್ಲಿ ಮೀನಿನ ಸಾರು ಮಾರುವವಳು, ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಅವಳ ಕೊರಿಯಾದ ಹೆಸರು ನಮ್ಮ ಬಾಯಿಗೆ ಒಗ್ಗಲಿಲ್ಲ. ಅಕ್ಕ ತನ್ನ ಕಾಲನ್ನೂ ಅವಳ ಕಾಲನ್ನೂ ಒಮ್ಮೆ ನೋಡಿ, ಕುಂಟಕ್ಕ ಎಂದು ನಾಮಕರಣ ಮಾಡಿದಳು. ಮೀನು ಮಾರುವ ದೋಷವನ್ನು ಲಿಂಗ ಕಟ್ಟಿದ ಹೆಂಗಸು ಅಷ್ಟು ಸುಲಭವಾಗಿ ಮಾಫ್ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಳನೆಯ ಕಂತು ಮುಗಿದ ವಾರ ಹುಕ್ಕೇರಿಯಿಂದ ಫೋನು ಬಂತು. ಅಕ್ಕನ ಮಗಳು, ನನಗೆ ಸೋದರ ಸೊಸೆ, ಅಲ್ಲಿ ದವಾಖಾನೆಯೊಂದರಲ್ಲಿ ನರ್ಸು. ರವಿವಾರ ಮೂಡಲಗಿಗೆ ಬಂದು ತಾಯಿಯ ಕಾಲಿಗೆ ವ್ಯಾಯಾಮ ಮಾಡಿಸಿ ಹೋಗುತ್ತಾಳೆ.

"ಮಾಮಾ, ಘಾತ ಆಗೇತಿ. ಅವ್ವ ಬೇಡಿಕೊಂಡಾಳ."

"ಏನಂತ?"

"ದೇವರ ಜಗಲಿ ಮುಂದ ಮುಡಿಪ ಕಟ್ಟಿ ಇಟ್ಟಾಳ. ಬಾಗಲ ಹಿಂದ ನಿಂತ ಕೇಳೇನಿ. ಆ ಕುಂಟಕ್ಕ ಜೀವಂತ ಉಳದು ಮನೀಗ ಹೋದ್ರ ಬಸವಣ್ಣಗ ದೀಡ ನಮಸ್ಕಾರ ಅಂತ!"

ನಾನು ಮಂಚದ ಮೇಲೆ ಕೂತೆ. ದೀಡ ನಮಸ್ಕಾರ ಎಂದರೆ ಒದ್ದೆ ಬಟ್ಟೆಯಲ್ಲಿ ಮನೆಯಿಂದ ಗುಡಿಯವರೆಗೆ ನೆಲದ ಮೇಲೆ ಉದ್ದಕ್ಕೆ ಬೀಳುತ್ತ ಹೋಗುವುದು. ಬಿದ್ದು, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಬೀಳಬೇಕು. ಪ್ರತಿ ಸಲವೂ ಮೊಣಕಾಲು ಊರದೆ ಗತಿಯಿಲ್ಲ. ಅಕ್ಕನ ಓಣಿಯಿಂದ ಬಸವಣ್ಣನ ಗುಡಿಗೆ ಎರಡು ತಿರುವು, ಮೇಲೆ ಖಡಿ ಹಾಕಿ ಡಾಂಬರು ಕಾಣದ ರಸ್ತೆ.

"ಒಮ್ಮೆ ಊರಿದ್ರೂ ಹೊಸಾ ಕೀಲಿಂದು ಏನ ಗತಿ ಅನ್ನೂದ ಹೇಳಾಕ ಬರೂದಿಲ್ಲ ಮಾಮಾ. ಅಕೀ ನೂರ ಸಲ ಊರತಾಳ."

"ಬ್ಯಾಡಂತ ಹೇಳಿದ್ರ?"

"ನೀವ ಹೇಳ್ರಿ ನೋಡೂನು."

ನಾನು ಹೇಳುವುದು ಸಾಧ್ಯವಿರಲಿಲ್ಲ. ದೇವರಿಗೆ ಬೇಡಿಕೊಂಡದ್ದು ಈಡೇರುವ ತನಕ ಅವರಾಗಿ ಹೇಳಬಾರದು, ಇನ್ನೊಬ್ಬರು ಕೇಳಬಾರದು. ಕೇಳಿದರೆ ಕೇಳಿದವರಿಗೂ ಕೇಡು ಎಂಬುದು ನಮ್ಮ ಮನೆತನದ ಕಟ್ಟಳೆ. ಅದಲ್ಲದೆ ಅಕ್ಕ ಮಾತಿಗೆ ತಪ್ಪಿದವಳಲ್ಲ. ಹಿಂದೆ ಮಗಳು ನರ್ಸಿಂಗ್ ಪಾಸಾದಾಗ, ಜ್ವರದಲ್ಲಿದ್ದರೂ ತುಂಬಿದ ಕೊಡ ಹೊತ್ತು ಬರಿಗಾಲಲ್ಲಿ ಗುಡಿಗೆ ಹೋಗಿದ್ದಳು.

ಹೀಗೆ ನಮ್ಮಕ್ಕನ ಮೊಣಕಾಲು ಕೊರಿಯಾದವರ ಕೈಗೆ ಹೋಯಿತು. ಕುಂಟಕ್ಕ ಸತ್ತರೆ ಕಾಲು ಉಳಿಯುತ್ತದೆ, ಕುಂಟಕ್ಕ ಉಳಿದರೆ ಕಾಲು ಹೋಗುತ್ತದೆ. ಜೀವಮಾನವಿಡೀ ಅಹಿಂಸೆಯ ಪಾಠ ಮಾಡಿದ ನಾನು, ಬಡ ಹೆಂಗಸೊಬ್ಬಳು ಆದಷ್ಟು ಬೇಗ ಸಾಯಲಿ ಎಂದು ಹಾರೈಸತೊಡಗಿದೆ.

ಬರಿಯ ಹಾರೈಕೆಯಿಂದ ಆಗುವುದಿಲ್ಲ, ಶಾಸ್ತ್ರೀಯ ಅಭಿಪ್ರಾಯ ಬೇಕು. ಮುಂದಿನ ಶನಿವಾರ ಅರಭಾವಿಯ ತೋಟಗಾರಿಕೆ ಕಾಲೇಜಿನ ಹುಡುಗಿಯೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳ ಮೊಬೈಲಿನಲ್ಲಿ ಅದೇ ಧಾರಾವಾಹಿ ಓಡುತ್ತಿತ್ತು.

"ತಂಗೀ, ಈ ಕುಂಟ ಹೆಣಮಗಳು ಉಳಿತಾಳೇನವಾ?" ಎಂದೆ.

ಅವಳು ಕಿವಿಯಿಂದ ವೈರು ತೆಗೆದು ನನ್ನ ಧೋತರ ನೋಡಿದಳು. "ಸರ್, ನೀವೂ ನೋಡತೀರಿ?"

"ಮನಿ ಪರಿಸ್ಥಿತಿ."

"ಕೊರಿಯಾದಾಗ ವಯಸ್ಸಾದವ್ರು ಉಳ್ಯೂದಿಲ್ರಿ. ನಾಕನೇ ಕಂತ ದಾಟೂದs ಕಷ್ಟ. ಇಕಿನ್ನ ಇಷ್ಟ ದೂರ ತಂದಾರಂದ್ರ, ಕಡೀಕ ಕೊಂದು ಎಲ್ಲಾರನ್ನೂ ಅಳಸಾಕ ರೀ."

"ಖರೇನs?"

"ಖರೆ ರೀ ಸರ್."

"ಭಾಳ ಸಂತೋಷ ಆತು ನೋಡವಾ," ಎಂದೆ ಮನಃಪೂರ್ವಕವಾಗಿ. ಹುಡುಗಿ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.

ಆ ದಿನದ ಎಂಟನೆಯ ಕಂತಿನಲ್ಲಿ ಕುಂಟಕ್ಕ ಸಾಯಲಿಲ್ಲ. ಬೇರೆ ಹಾದಿಯಿಂದ ಬರಬೇಕೆಂದು, ಯಾರನ್ನೂ ಉದ್ದೇಶಿಸದೆ ಒಂದು ತಾತ್ವಿಕ ಪ್ರಶ್ನೆ ಎತ್ತಿದೆ.

"ಅಲ್ಲಕ್ಕಾ, ಈ ಟಿವಿಯವರ ಸಲುವಾಗಿ ಯಾರರ ದೇವರಿಗೆ ಬೇಡಿಕೊಂಡ್ರ ಅದು ನಡಿತೈತೇನು? ಇದರ ಶೂಟಿಂಗ ಆಗಿ ವರ್ಷ ಆಗಿರತೈತಿ. ಸತ್ತಾಕಿ ಸತ್ತಿರತಾಳ, ಉಳದಾಕಿ ಉಳದಿರತಾಳ."

ಅಕ್ಕ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಈ ವರ್ಷ ಇಂಥಾಕಿ ನನ್ನ ಮುಂದ ಬಂದು ಬೇಡಿಕೋತಾಳಂತ ದೇವರಿಗೆ ಮೊದಲs ಗೊತ್ತಿರತೈತಿ. ಶೂಟಿಂಗದಾಗs ನೋಡಿಕೊಂಡಿರತಾನ."

ಬಸವಣ್ಣನ ಗುಡಿಯ ಸರಹದ್ದು ಕೊರಿಯಾದ ಸ್ಟುಡಿಯೋವರೆಗೆ ಹಬ್ಬಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಂಬತ್ತನೆಯ ಕಂತಿನಲ್ಲಿ ಬೆಳಕು ಕಂಡಿತು. ಕುಂಟಕ್ಕ ಗೋಡೆಗೆ ಒರಗಿ ಕೂತು ಬಾಯಿ ತೆರೆದಳು: ಸಣ್ಣವಳಿದ್ದಾಗ ನನ್ನ ತಾಯಿ... ಕಂತು ಅಲ್ಲಿಗೇ ನಿಂತಿತು. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನು ಹೊರಗೆ ಹೋಗಿ ಹುಕ್ಕೇರಿಗೆ ಫೋನು ಹಚ್ಚಿದೆ.

"ತಾಯಿ ನೆನಪ ತಗದಾಳ!"

"ಅಂದ್ರ ಮುಗೀತಲಾ ಮಾಮಾ! ದೇವ್ರ ಕಣ್ಣ ತೆರದ," ಎಂದಳು ಸೊಸೆ. ಪರದೇಶದ ಹೆಂಗಸಿನ ಸಾವಿಗೆ ನಾವಿಬ್ಬರೂ ದೇವರನ್ನು ಕೊಂಡಾಡಿದೆವು. ಆದರೂ ಅವಳು ಕಡೆಯ ಕಂತಿಗೆ ರಜೆ ಹಾಕಿ ಬರುವುದಾಗಿ ಹೇಳಿದಳು.

ಕಡೆಯ ಶನಿವಾರ ಮೂರೂ ಜನ ಸಾಲಾಗಿ ಕೂತೆವು. ಟಿವಿಯಲ್ಲಿ ಉಳಿದವರು ಐದು ಜನ. ಅವರನ್ನು ದೊಡ್ಡ ಅಂಗಳದಲ್ಲಿ ನಿಲ್ಲಿಸಿ, ಗಂಟೆ ಹೊಡೆದ ಕೂಡಲೇ ಮಂಡಿಯೂರಿ ಎಂದು ಹುಕುಂ ಮಾಡಿದರು. ಗಂಟೆ ಹೊಡೆಯಿತು. ನಾಲ್ವರು ಮಂಡಿಯೂರಿದರು. ಕುಂಟಕ್ಕ ಹಲ್ಲು ಕಚ್ಚಿ ಬಗ್ಗಲು ನೋಡಿದಳು, ಕಾಲು ಮಡಚಲಿಲ್ಲ, ಹಾಗೆಯೇ ನಿಂತಳು. ನಾನು ಸೊಸೆಯ ಮುಖ ನೋಡಿದೆ. ಅವಳ ಮುಖದಲ್ಲಿ ಮೆಲ್ಲಗೆ ನೆಮ್ಮದಿ ಮೂಡುತ್ತಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಒಂದು ದನಿ, ಇದು ವಿಧೇಯತೆಯ ಪರೀಕ್ಷೆಯಲ್ಲ, ನಿಂತವರಷ್ಟೇ ಗೆದ್ದವರು ಎಂದಿತು. ಮಂಡಿಯೂರಿದ ನಾಲ್ವರ ವಿಷಯ ಹೇಳುವುದು ಬೇಡ. ಕುಂಟಕ್ಕ ಬಾಗಿಲು ದಾಟಿ ಬಸ್ಸು ಹತ್ತಿ ಮನೆಗೆ ಹೋಗಿ ಸಾರಿಗೆ ನೀರಿಟ್ಟಳು. ಧಾರಾವಾಹಿ ಮುಗಿಯಿತು.

ಕೊರಿಯಾ ನಮಗೆ ಕೈಕೊಟ್ಟಿತ್ತು. ಸೊಸೆ ಅಳತೊಡಗಿದಳು. ಅಕ್ಕ ಜಗಲಿಯತ್ತ ತಿರುಗಿ ಕೈ ಮುಗಿದು, "ಕಾಯ್ದಿ ತಂದೆ" ಎಂದಳು. ಆಮೇಲೆ ನಮ್ಮ ಕಡೆ ನೋಡಿ, "ನಿಮಗೇನಾತು? ಅಕೀ ಉಳದಾಳ, ಸತ್ತಿಲ್ಲ," ಎಂದಳು.

ಬೇಡಿಕೊಂಡದ್ದು ಈಡೇರಿತ್ತು, ಇನ್ನು ಕಟ್ಟಳೆಯ ಅಡ್ಡಿಯೂ ಇರಲಿಲ್ಲ. "ಅವ್ವಾ, ನನಗೆಲ್ಲಾ ಗೊತ್ತೈತಿ," ಎಂದು ಸೊಸೆ ಬಿಕ್ಕಿದಳು. "ನೀ ದೀಡ ನಮಸ್ಕಾರ ಹಾಕಿದ್ರ ನಾ ಬಾಗಲದಾಗ ಅಡ್ಡ ಮಲಗತೀನಿ. ನನ್ನ ದಾಟಿ ಹೋಗು."

ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾ ಯಾಕ ಹಾಕಲೇ? ಡಾಕ್ಟರ ಹೇಳಿದ್ದ ನಂಗ ನೆನಪಿಲ್ಲೇನು? ಹಿಂಥಾ ಕಾಲ ಇಟಗೊಂಡು ಯಾವಾಕರ ತನ್ನ ಹೆಸರಿಲೆ ಬೇಡಿಕೋತಾಳೇನು, ಹುಚ್ಚಿ!"

ನನಗೆ ಮೊದಲು ಬಂದದ್ದು ನಿರಾಳ. ತುಂಬಿದ ಬಸ್ಸಿನಲ್ಲಿ ಗೋಕಾಕದಿಂದ ನಿಂತು ಬಂದವನಿಗೆ ಅರಭಾವಿಯಲ್ಲಿ ಸೀಟು ಸಿಕ್ಕಂಥ ನಿರಾಳ. ಮೂರು ವಾರ ನಾನು ಸರಿಯಾಗಿ ಉಂಡಿರಲಿಲ್ಲ. ಅಕ್ಕನ ಕಾಲು ಉಳಿಯಿತು, ಕುಂಟಕ್ಕನೂ ಉಳಿದಳು, ಅವಳ ಸಾವು ಬಯಸಿದ ಪಾಪವೂ ಹೇಗೋ ತೀರಿತು. ಈ ನಿರಾಳ ಎಷ್ಟು ದೊಡ್ಡದಿತ್ತೆಂದರೆ, ಅಕ್ಕನ ಮುಂದಿನ ಮಾತು ನನ್ನ ಕಿವಿಗೆ ಬಂದು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು.

"ಇವನ ಹೆಸರಿಲೆ ಬೇಡಿಕೊಂಡೇನಿ."

ನಮ್ಮ ಕಡೆ ಹಿರಿಯರು ಕಿರಿಯರ ಹೆಸರಿನಲ್ಲಿ ಬೇಡಿಕೊಳ್ಳುವುದು ಹೊಸದೇನಲ್ಲ. ತಾಯಿ ಬೇಡಿಕೊಳ್ಳುತ್ತಾಳೆ, ಮಗನ ತಲೆ ಬೋಳಿಸಿ ಜವಳ ತೆಗೆಸುತ್ತಾರೆ. ಮಗನ ಒಪ್ಪಿಗೆ ಕೇಳುವ ರೂಢಿಯಿಲ್ಲ. ಆದರೆ ನನಗಾಗ ಅರವತ್ತಮೂರು.

"ನನ್ನ ಒಂದ ಮಾತ ಕೇಳಬೇಕಿಲ್ಲ?"

"ಕೇಳಬಾರದಲಾ. ಕೇಳಿದ್ರ ಫಲ ಹೋಗತೈತಿ," ಎಂದಳು ಅಕ್ಕ. "ನಿನಗೇನ ಧಾಡಿ? ಎರಡೂ ಮೊಣಕಾಲ ಹುಟ್ಟಿದಾಗಿನವs ಅದಾವ. ವಾರಾವಾರಾ ಬಂದು ನನ್ನ ಚುರುಮುರಿ ತಿಂದ ಕುಂತಿ. ಅಕೀ ಸಲುವಾಗಿ ನೀನೂ ಏನರ ಮಾಡು."

ಸೊಸೆಯ ಅಳು ಯಾವಾಗ ನಗೆಯಾಯಿತೋ ತಿಳಿಯಲಿಲ್ಲ. "ಮಾಮಾ, ಬಿ.ಪಿ. ನೋಡತೀನಿ, ಕೈ ಕೊಡ್ರಿ," ಎಂದು ಚೀಲದಿಂದ ಯಂತ್ರ ತೆಗೆದಳು. ನೋಡಿದಳು. ದುರ್ದೈವದಿಂದ ಎಲ್ಲ ಸರಿಯಾಗಿತ್ತು.

ಸೋಮವಾರ ಬೆಳಿಗ್ಗೆ ಆರೂವರೆಗೆ ಅಕ್ಕನ ಬಾಗಿಲಿನಿಂದ ಶುರುಮಾಡಿ ಎಂಟು ಗಂಟೆಗೆ ಬಸವಣ್ಣನ ಗುಡಿ ಮುಟ್ಟಿದೆ. ನಮಸ್ಕಾರ ತೊಂಬತ್ತೊಂದು ಆದವು.